ಸ್ಟಾರ್ಮ್ ಲೇಕ್: ಮೂರು ವರ್ಷದ ಕರಾರಿಗೆ ಹೋದ ಊರು

ಅಮೆರಿಕದಲ್ಲಿ ಜೆ-1 ವೀಸಾದ ಮೇಲೆ ರೆಸಿಡೆನ್ಸಿ, ಅಂದರೆ ವೈದ್ಯ ಪದವಿಯ ನಂತರದ ಆಸ್ಪತ್ರೆ ತರಬೇತಿ, ಮಾಡಿದ ವಿದೇಶಿ ವೈದ್ಯರಿಗೆ ಅಲ್ಲಿನ ಕಾನೂನು ಒಂದು ಷರತ್ತು ಹಾಕುತ್ತದೆ. ತರಬೇತಿ ಮುಗಿದ ಮೇಲೆ ತಾಯ್ನಾಡಿಗೆ ಮರಳಿ ಎರಡು ವರ್ಷ ಇರಬೇಕು. ಇಲ್ಲವಾದರೆ ವೈದ್ಯರ ಕೊರತೆ ಇದೆಯೆಂದು ಸರ್ಕಾರ ಗುರುತಿಸಿದ ಕಡೆ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡುವ ಕರಾರಿಗೆ ಸಹಿ ಹಾಕಿ ಆ ಷರತ್ತಿನಿಂದ ವಿನಾಯಿತಿ ಪಡೆಯಬೇಕು. ನಮ್ಮಂಥ ವೈದ್ಯರ ನಡುವೆ ಈ ವಿನಾಯಿತಿಗೆ ವೇವರ್ ಎಂದೇ ಹೆಸರು. ಉತ್ತರ ಡಕೋಟದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಅವರ ಪ್ರಯತ್ನದಿಂದ 1994ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲು ಪ್ರತಿ ರಾಜ್ಯಕ್ಕೆ ವರ್ಷಕ್ಕೆ 20 ಜಾಗಗಳಿದ್ದವು, ಈಗ 30 ಇವೆ. ಮೈಸೂರಿನಲ್ಲಿ ಎಂಬಿಬಿಎಸ್ ಓದಿ, ಷಿಕಾಗೋದಲ್ಲಿ ಇಂಟರ್ನಲ್ ಮೆಡಿಸಿನ್ ತರಬೇತಿ ಮುಗಿಸಿದ ನಾನು 2018ರ ಬೇಸಿಗೆಯಲ್ಲಿ ಅಯೋವಾ ರಾಜ್ಯದ ವಾಯವ್ಯ ಭಾಗದಲ್ಲಿರುವ ಸ್ಟಾರ್ಮ್ ಲೇಕ್ ಎಂಬ ಸಣ್ಣ ಊರಿಗೆ ಬಂದದ್ದು ಈ ದಾರಿಯಿಂದಲೇ.

ಕಾಗದಪತ್ರದ ಕೆಲಸ ದೀರ್ಘವಾದದ್ದು, ಆದರೆ ಅದರ ಕ್ರಮ ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರದ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುವುದರಿಂದ, ರೆಸಿಡೆನ್ಸಿಯ ಕೊನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಕೆಲಸದ ಕರಾರು ಕೈಯಲ್ಲಿರಬೇಕು. ಸ್ಥಳೀಯವಾಗಿ ವೈದ್ಯರನ್ನು ಹುಡುಕಿದರೂ ಸಿಗಲಿಲ್ಲ ಎಂಬುದಕ್ಕೆ ಆಧಾರ ಸೇರಿಸಿ ಆಸ್ಪತ್ರೆಯವರು ಅರ್ಜಿಯನ್ನು ರಾಜ್ಯದ ಆರೋಗ್ಯ ಇಲಾಖೆಗೆ ಕೊಡುತ್ತಾರೆ. ಇಲಾಖೆ ಒಪ್ಪಿದರೆ ಅದರ ಶಿಫಾರಸು ವಾಷಿಂಗ್ಟನ್‌ನ ವಿದೇಶಾಂಗ ಇಲಾಖೆಗೂ ಅಲ್ಲಿಂದ ವಲಸೆ ಇಲಾಖೆಗೂ ಹೋಗುತ್ತದೆ. ಕೊನೆಗೆ ವೈದ್ಯರು ಎಚ್-1ಬಿ ವೀಸಾಕ್ಕೆ ಬದಲಾಗಿ, ವಿನಾಯಿತಿ ಸಿಕ್ಕ 90 ದಿನಗಳೊಳಗೆ ಕೆಲಸಕ್ಕೆ ಹಾಜರಾಗಬೇಕು. ವಾರಕ್ಕೆ ಕನಿಷ್ಠ 40 ಗಂಟೆ ದುಡಿಯಬೇಕು, ಮತ್ತು ದುಡಿದದ್ದಕ್ಕೆ ಲೆಕ್ಕ ಇರಬೇಕು. ಇಷ್ಟೆಲ್ಲ ಹಂತಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಸಂದರ್ಶನದ ದಿನ. ವೈದ್ಯಕೀಯದ ಬಗ್ಗೆ ಅವರು ಕೇಳಿದ್ದು ಕಡಿಮೆ. ಆಸ್ಪತ್ರೆಯ ಹಿರಿಯರೊಬ್ಬರು ನನ್ನನ್ನೂ ನನ್ನ ಪತಿಯನ್ನೂ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಕೆರೆಯ ಸುತ್ತ, ಶಾಲೆಯ ಮುಂದೆ, ಮಾರಾಟಕ್ಕಿದ್ದ ಮನೆಗಳ ಬೀದಿಗಳಲ್ಲೆಲ್ಲ ಸುತ್ತಾಡಿಸಿದರು. ಮನೆಯಿಂದಲೇ ಕೆಲಸ ಮಾಡುವ ನನ್ನ ಪತಿಗೆ ಇಂಟರ್ನೆಟ್ ಎಷ್ಟು ವೇಗವಾಗಿ ಬರುತ್ತದೆ ಎಂಬುದನ್ನು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದರು. ವೈದ್ಯರ ಮನೆಯವರಿಗೆ ಊರು ಹಿಡಿಸದಿದ್ದರೆ ವೈದ್ಯರೂ ನಿಲ್ಲುವುದಿಲ್ಲ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದರು.

ಸ್ಟಾರ್ಮ್ ಲೇಕ್ ಬ್ಯೂನ ವಿಸ್ಟ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ) ಮುಖ್ಯ ಪಟ್ಟಣ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 11,269. ನಮ್ಮ ಕಡೆಯ ಲೆಕ್ಕದಲ್ಲಿ ಅದು ಒಂದು ದೊಡ್ಡ ಹಳ್ಳಿ, ಅಯೋವಾದ ಈ ಮೂಲೆಯಲ್ಲಿ ಅದೇ ನಗರ. ಹಿಮಯುಗದ ನೀರ್ಗಲ್ಲು ಬಿಟ್ಟುಹೋದ ಮೂರು ಸಾವಿರಕ್ಕೂ ಹೆಚ್ಚು ಎಕರೆಯ ಕೆರೆಯ ಉತ್ತರ ದಂಡೆಯ ಮೇಲೆ ಊರು ಹರಡಿಕೊಂಡಿದೆ. 1870ರಲ್ಲಿ ರೈಲು ಬಂದಾಗ ಅದರ ಬೆನ್ನಿಗೇ ಊರೂ ಹುಟ್ಟಿತು. ಲೇಕ್ ಅವೆನ್ಯೂ ಎಂಬ ಮುಖ್ಯ ಬೀದಿಯ ಇಕ್ಕೆಲದಲ್ಲಿ ಇಟ್ಟಿಗೆಯ ಹಳೆಯ ಅಂಗಡಿಗಳು, ಕೆರೆಯ ಬದಿಗೆ 1891ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನವರು ಸ್ಥಾಪಿಸಿದ ಬ್ಯೂನ ವಿಸ್ಟ ವಿಶ್ವವಿದ್ಯಾಲಯ, ಊರಂಚಿಗೆ ಎಲಿವೇಟರ್ ಎಂದು ಕರೆಯುವ ಧಾನ್ಯದ ಭಾರಿ ಗೋಪುರಗಳು, ಅದರಾಚೆ ಕಣ್ಣು ಹಾಯುವವರೆಗೂ ಮೆಕ್ಕೆಜೋಳ ಮತ್ತು ಸೋಯಾ. ಅಯೋವಾ ರಾಜ್ಯದಲ್ಲಿ ಮನುಷ್ಯರು ಸುಮಾರು 32 ಲಕ್ಷ, ಹಂದಿಗಳು 2 ಕೋಟಿಗೂ ಹೆಚ್ಚು. ಬೆಳೆದ ಜೋಳದಲ್ಲಿ ಒಂದು ಪಾಲು ಹಂದಿಗಳ ಹೊಟ್ಟೆ ಸೇರುತ್ತದೆ, ಆ ಹಂದಿಗಳಲ್ಲಿ ಒಂದು ಪಾಲು ಸ್ಟಾರ್ಮ್ ಲೇಕ್‌ನ ಹಂದಿಮಾಂಸದ ಕಾರ್ಖಾನೆಗೆ ಬರುತ್ತದೆ. ಊರಿನ ಬದುಕೆಲ್ಲ ನಿಂತಿರುವುದು ಈ ವ್ಯವಹಾರದ ಮೇಲೆ.

ಈ ಕಾರ್ಖಾನೆಯ ಚರಿತ್ರೆ ತಿಳಿಯದೆ ಊರಿನ ಮುಖ ಅರ್ಥವಾಗುವುದಿಲ್ಲ. ಇಲ್ಲಿ ಮೊದಲಿದ್ದ ಹೈಗ್ರೇಡ್ ಕಂಪನಿಯಲ್ಲಿ ಕಾರ್ಮಿಕ ಸಂಘ ಬಲವಾಗಿತ್ತು, ಕೂಲಿ ಚೆನ್ನಾಗಿತ್ತು, ಅಲ್ಲಿ ದುಡಿದ ಅಪ್ಪ ಮಕ್ಕಳನ್ನು ಕಾಲೇಜಿಗೆ ಕಳುಹಿಸಬಲ್ಲವನಾಗಿದ್ದ. ಅದು 1981ರಲ್ಲಿ ಮುಚ್ಚಿತು. ಮರುವರ್ಷ ಐಬಿಪಿ ಕಂಪನಿ ಅದೇ ಜಾಗದಲ್ಲಿ ಬಹಳ ಕಡಿಮೆ ಕೂಲಿಗೆ ಕೆಲಸ ಆರಂಭಿಸಿತು. 2001ರಲ್ಲಿ ಐಬಿಪಿಯನ್ನು ಟೈಸನ್ ಎಂಬ ಮಾಂಸೋದ್ಯಮದ ಕಂಪನಿ ಕೊಂಡಿತು. ಊರಿನ ಹಳಬರು ಮಾಡಲೊಪ್ಪದ ಕೆಲಸಕ್ಕೆ ಹೊಸಬರು ಬಂದರು. ಮೊದಲು ಬಂದವರು ಲಾವೋಸ್ ಕಡೆಯ ನಿರಾಶ್ರಿತರು. ವಿಯೆಟ್ನಾಂ ಯುದ್ಧ ಮುಗಿದ 1975ರಲ್ಲಿ ರಾಬರ್ಟ್ ರೇ ಎಂಬ ರಾಜ್ಯಪಾಲರು ತಾಯ್ ದಾಮ್ ಎಂಬ ಜನಾಂಗವನ್ನು ಒಟ್ಟಾಗಿ ಅಯೋವಾಕ್ಕೆ ಬರಮಾಡಿಕೊಂಡಿದ್ದರು. ಅವರ ಬಂಧುಬಳಗ ಈ ಕಾರ್ಖಾನೆಗೂ ಬಂದಿತು. ಆಮೇಲೆ ಮೆಕ್ಸಿಕೊದವರು, ಗ್ವಾಟೆಮಾಲದವರು, ಆಫ್ರಿಕಾದವರು, ಪೆಸಿಫಿಕ್ ಸಾಗರದ ಮೈಕ್ರೊನೇಶಿಯಾದವರು. ಇಂದು ಶಾಲೆಯ ಮಕ್ಕಳ ಮನೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿವೆ. ಮೆಕ್ಸಿಕೊದ ಮೇಲಿನ ಯುದ್ಧದಲ್ಲಿ 1847ರಲ್ಲಿ ನಡೆದ ಕಾಳಗವೊಂದರ ನೆನಪಿಗೆ ಹೆಸರಿಟ್ಟ ಕೌಂಟಿಯಲ್ಲಿ ಈಗ ಮೆಕ್ಸಿಕೊದ ಮಕ್ಕಳು ಓದುತ್ತಿದ್ದಾರೆ.

ನನಗೆ ಈ ಚರಿತ್ರೆ ಪುಸ್ತಕಕ್ಕಿಂತ ಮೊದಲು ರೋಗಿಗಳ ಕೈಗಳಲ್ಲಿ ಸಿಕ್ಕಿತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬರುವವರಲ್ಲಿ ಬಹುತೇಕರು ಮೊದಲು ಚಾಚುತ್ತಿದ್ದದ್ದು ಅಂಗೈಯನ್ನು. ಮಧ್ಯದ ಎರಡು ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡು, ಬೆಳಗ್ಗೆ ಎದ್ದಾಗ ಇನ್ನೊಂದು ಕೈಯಿಂದ ಒಂದೊಂದನ್ನೇ ಬಿಡಿಸಬೇಕಾಗುತ್ತದೆ. ಬಿಡಿಸುವಾಗ ಟಕ್ ಎಂದು ಸದ್ದಾಗುತ್ತದೆ. ಹೆಬ್ಬೆರಳ ಬುಡದ ಮಾಂಸ ಬತ್ತಿ ಗುಳಿ ಬಿದ್ದಿರುತ್ತದೆ, ರಾತ್ರಿ ಜೋಮು ಹಿಡಿದು ನಿದ್ದೆ ಬರುವುದಿಲ್ಲ. ಫ್ರಿಜ್ಜಿನಂತೆ ತಣ್ಣಗಿರುವ ಕೋಣೆಯಲ್ಲಿ ನಿಂತು, ಚಲಿಸುವ ಸಾಲಿನಲ್ಲಿ ಒಂದೇ ಬಗೆಯ ಕೊಯ್ತವನ್ನು ದಿನವಿಡೀ ಮಾಡುವ ಕೈಗೆ ಇದು ಬಂದೇ ಬರುತ್ತದೆ. ಪಟ್ಟಿ ಕಟ್ಟಬಹುದು, ಸ್ಟಿರಾಯ್ಡ್ ಚುಚ್ಚಬಹುದು, ಶಸ್ತ್ರಚಿಕಿತ್ಸೆಗೆ ಕಳುಹಿಸಬಹುದು, ಹಗುರ ಕೆಲಸ ಕೊಡಿರೆಂದು ಪತ್ರ ಬರೆಯಬಹುದು. ಆ ಪತ್ರವನ್ನು ಎಷ್ಟೋ ಜನ ಬೇಡವೆನ್ನುತ್ತಿದ್ದರು, ಏಕೆಂದರೆ ಗಂಟೆಗೆ ಸಿಗುವ ಕೂಲಿಯಲ್ಲಿ ಸ್ವಲ್ಪ ಕಡಿಮೆಯಾದರೂ ಊರಿಗೆ ಕಳುಹಿಸುವ ಹಣಕ್ಕೆ ಕತ್ತರಿ ಬೀಳುತ್ತದೆ. ಒಬ್ಬ ತಾಯಿ ತನ್ನ ಮಡಚಿದ ಬೆರಳುಗಳನ್ನು ಮಗಳಿಗೆ ತೋರಿಸಿ ಏನೋ ಹೇಳಿದಳು. ವೀಡಿಯೊ ಪರದೆಯ ಮೇಲಿದ್ದ ದುಭಾಷಿ ಅದನ್ನು ನನಗೆ ದಾಟಿಸಿದ. ಶಾಲೆ ಬಿಟ್ಟರೆ ಇದೇ ಕೈ ನಿನಗೂ ಬರುತ್ತದೆ ಎಂದು ಆಕೆ ಹೇಳಿದ್ದಳು. ಆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ.

ರೈತರ ಕಥೆ ಬೇರೆ. ಅವರು ಬರುವುದೇ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಕಟಾವಿನ ಕಾಲ. ಜೋಳದ ತೇವಾಂಶ ಶೇ 15ಕ್ಕಿಂತ ಹೆಚ್ಚಿದ್ದರೆ ಎಲಿವೇಟರಿನವರು ಬೆಲೆ ಕಡಿತ ಮಾಡುತ್ತಾರೆ, ಒಣಗಲೆಂದು ಕಾದರೆ ಗಾಳಿ ಮಳೆಗೆ ದಂಟು ಮಲಗುತ್ತದೆ. ಹೀಗಾಗಿ ಹವೆ ಚೆನ್ನಾಗಿರುವ ದಿನ ಕಂಬೈನ್ ಯಂತ್ರದಿಂದ ಯಾರೂ ಇಳಿಯುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಹೊಲದಲ್ಲಿ ದೀಪಗಳು ಓಡಾಡುತ್ತಿರುತ್ತವೆ, ಧಾನ್ಯ ಒಣಗಿಸುವ ಫ್ಯಾನುಗಳ ಸದ್ದು ಊರಿನೊಳಗಿನ ಮನೆಗಳಿಗೂ ಕೇಳುತ್ತಿರುತ್ತದೆ. ಎಪ್ಪತ್ತು ದಾಟಿದ ರೈತರೊಬ್ಬರು ಎದೆ ಬಿಗಿಯುತ್ತಿದೆ ಎಂಬುದನ್ನು ಆರು ವಾರ ಬಚ್ಚಿಟ್ಟು, ಕೊನೆಯ ಹೊಲ ಕೊಯ್ದು ಮುಗಿಸಿದ ಮರುದಿನ ಹೆಂಡತಿಯ ಬಲವಂತಕ್ಕೆ ಬಂದರು. ಇಸಿಜಿ ನೋಡಿದ ಅರ್ಧ ಗಂಟೆಯಲ್ಲಿ ಅವರನ್ನು ದೊಡ್ಡ ಆಸ್ಪತ್ರೆಗಳಿರುವ ಸೂ ಸಿಟಿಗೆ ಕಳುಹಿಸಬೇಕಾಯಿತು. ಗ್ರಾಮೀಣ ಆಸ್ಪತ್ರೆಗಳು ಮುಚ್ಚಿಹೋಗದಂತೆ 1997ರಲ್ಲಿ ತಂದ ಕಾನೂನಿನಡಿ ನಡೆಯುವ ನಮ್ಮಂಥ ಸಣ್ಣ ಆಸ್ಪತ್ರೆಗಳಲ್ಲಿ ಹಾಸಿಗೆಗಳು 25ನ್ನು ಮೀರುವಂತಿಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಸೌಲಭ್ಯ ಇರುವುದಿಲ್ಲ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳುಹಿಸಬೇಕು, ಹಿಮ ಬೀಳುವ ರಾತ್ರಿ ಹೆಲಿಕಾಪ್ಟರ್ ಹಾರದಿದ್ದರೆ ಏನು ಮಾಡಬೇಕು ಎಂಬ ತೀರ್ಮಾನಗಳನ್ನು ಷಿಕಾಗೋದ ದೊಡ್ಡ ಆಸ್ಪತ್ರೆಯಲ್ಲಿ ನಾನು ಒಬ್ಬಳೇ ತೆಗೆದುಕೊಂಡಿರಲಿಲ್ಲ. ವೈದ್ಯೆಯಾಗಿ ನಾನು ಬೆಳೆದದ್ದು ಇಲ್ಲಿಯೇ ಎಂದು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಮೊದಲ ವರ್ಷ, ಹೊಲದವರಿರಲಿ ಕಾರ್ಖಾನೆಯವರಿರಲಿ, ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಕಾಲ ಇರುತ್ತೀರಿ, ಡಾಕ್ಟರೇ? ಆ ಪ್ರಶ್ನೆಯಲ್ಲಿ ಅಪನಂಬಿಕೆ ಇರಲಿಲ್ಲ, ಬಳಲಿಕೆ ಇತ್ತು. ತಮ್ಮ ಸಕ್ಕರೆ ಕಾಯಿಲೆ, ಮಂಡಿನೋವು, ಸತ್ತ ಮಗನ ವಿಷಯ ಎಲ್ಲವನ್ನೂ ಹೊಸ ವೈದ್ಯರಿಗೆ ಮತ್ತೆ ಮತ್ತೆ ಮೊದಲಿನಿಂದ ಹೇಳಿ ಅವರಿಗೆ ಸಾಕಾಗಿತ್ತು. ಕರಾರು ಮುಗಿದ ತಿಂಗಳೇ ದೊಡ್ಡ ನಗರಕ್ಕೆ ಹೊರಟುಬಿಡುವ ವೇವರ್ ವೈದ್ಯರ ಬಗ್ಗೆ ಅವರಿಗೆ ಗೊತ್ತಿತ್ತು. ಅಂಥ ವೈದ್ಯರನ್ನು ನಾನು ದೂರುವುದಿಲ್ಲ. ಮಕ್ಕಳ ಓದು, ಗಂಡ ಅಥವಾ ಹೆಂಡತಿಯ ಉದ್ಯೋಗ, ನಮ್ಮವರ ಸಂಗ ಇವೆಲ್ಲ ನಿಜವಾದ ಅಗತ್ಯಗಳು. ಆದರೆ ಸಣ್ಣ ಊರಿಗೆ ಒಬ್ಬ ವೈದ್ಯ ಹೋದರೆ ಸಾವಿರಾರು ಜನರ ಕಡತಗಳು ಅನಾಥವಾಗುತ್ತವೆ ಎಂಬುದನ್ನು ಇಲ್ಲಿ ಕೂತು ನೋಡಿದವರಿಗೇ ಗೊತ್ತು.

ಊರನ್ನು ಅರಿಯಲು ನನಗೆ ಹೆಚ್ಚು ನೆರವಾದದ್ದು ವಾರಕ್ಕೆ ಎರಡು ಬಾರಿ ಬರುತ್ತಿದ್ದ ಸ್ಟಾರ್ಮ್ ಲೇಕ್ ಟೈಮ್ಸ್ ಪತ್ರಿಕೆ. ಜಾನ್ ಕಲ್ಲೆನ್ 1990ರಲ್ಲಿ ಆರಂಭಿಸಿದ, ಅವರ ತಮ್ಮ ಆರ್ಟ್ ಕಲ್ಲೆನ್ ಸಂಪಾದಿಸುತ್ತಿದ್ದ, ಹತ್ತರಷ್ಟು ಜನ ಸೇರಿ ತರುತ್ತಿದ್ದ ಈ ಪತ್ರಿಕೆಯಲ್ಲಿ ಶಾಲಾ ಮಂಡಳಿಯ ಸಭೆ, ಕುಸ್ತಿಯಲ್ಲಿ ಗೆದ್ದ ಹುಡುಗ, ತೀರಿಕೊಂಡವರ ಇಡೀ ಜೀವನದ ವಿವರ ಎಲ್ಲ ಇರುತ್ತಿತ್ತು. ನನ್ನ ರೋಗಿಗಳು ಆಸ್ಪತ್ರೆಯ ಹೊರಗೆ ಯಾರಾಗಿದ್ದರು ಎಂಬುದು ಎಷ್ಟೋ ಸಲ ಅಲ್ಲಿನ ನಿಧನ ವಾರ್ತೆಯಿಂದಲೇ ನನಗೆ ತಿಳಿದದ್ದು. ಇದೇ ಪತ್ರಿಕೆಯ ಸಂಪಾದಕೀಯಗಳಿಗಾಗಿ 2017ರಲ್ಲಿ ಆರ್ಟ್ ಕಲ್ಲೆನ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ವಿಷಯ ನೀರಿನದು. ಇಲ್ಲಿನ ಹೊಲಗಳ ಅಡಿಯಲ್ಲಿ ನೀರು ಬಸಿಯಲೆಂದು ಕೊಳವೆಗಳನ್ನು ಹೂತಿದ್ದಾರೆ. ಗೊಬ್ಬರದ ನೈಟ್ರೇಟ್ ಆ ನೀರಿನೊಡನೆ ರಕೂನ್ ನದಿ ಸೇರಿ ರಾಜಧಾನಿ ಡೆ ಮೊಯ್ನ್‌ನ ಕುಡಿಯುವ ನೀರಿಗೆ ಹೋಗುತ್ತದೆ. ರಾಜಧಾನಿಯ ಜಲಮಂಡಳಿ 2015ರಲ್ಲಿ ಬ್ಯೂನ ವಿಸ್ಟ ಸೇರಿದಂತೆ ಮೂರು ಕೌಂಟಿಗಳ ಮೇಲೆ ಮೊಕದ್ದಮೆ ಹೂಡಿತು. ಕೌಂಟಿಯ ಪರ ವಕೀಲರ ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂದು ಪತ್ರಿಕೆ ಕೇಳಿತು, ಉತ್ತರ ಬರುವವರೆಗೂ ಬಿಡದೆ ಕೇಳಿತು. ಕೃಷಿ ಉದ್ಯಮದವರ ಹಣ ಅದರ ಹಿಂದಿರುವುದು ಬಯಲಾಯಿತು. 2017ರಲ್ಲಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಜಾಹೀರಾತು ಕೊಡುವವರೂ ಪತ್ರಿಕೆ ಓದುವವರೂ ರೈತರೇ ಆಗಿರುವ ಊರಿನಲ್ಲಿ ಹಾಗೆ ಬರೆಯಲು ಬೇಕಾದ ಎದೆಗಾರಿಕೆಯನ್ನು ನಾನು ಗೌರವಿಸುತ್ತೇನೆ. ಬರೆದವರನ್ನು ಬಯ್ದುಕೊಂಡೇ ಚಂದಾ ಕಟ್ಟುವ ರೈತರನ್ನೂ ಅಷ್ಟೇ ಗೌರವಿಸುತ್ತೇನೆ.

ಊಟದ ವಿಷಯದಲ್ಲಿ ಈ ಊರು ನಮ್ಮನ್ನು ಷಿಕಾಗೋಗಿಂತ ಬೇಗ ಒಳಗೆ ಬಿಟ್ಟುಕೊಂಡಿತು. ಭಾರತೀಯ ದಿನಸಿಯ ಅಂಗಡಿ ಊರಿನಲ್ಲಿಲ್ಲ; ಆದರೆ ಲಾವೋಸಿನವರ ಅಂಗಡಿಯಲ್ಲಿ ತುರಿದ ತೆಂಗಿನಕಾಯಿ, ಬಾಳೆಎಲೆ, ಹುಣಸೆಹಣ್ಣು, ಸೊನಾ ಮಸೂರಿಯ ಜಾಗ ತುಂಬುವ ಮಲ್ಲಿಗೆ ಅಕ್ಕಿ ಸಿಗುತ್ತದೆ, ಮೆಕ್ಸಿಕನ್ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟುಕಟ್ಟಾಗಿ, ಹಸಿಮೆಣಸಿನಕಾಯಿ ರಾಶಿ ರಾಶಿಯಾಗಿ. ತೊಗರಿಬೇಳೆ ಮತ್ತು ಸಾರಿನ ಪುಡಿಯ ಸಾಮಾನುಗಳನ್ನು ಮಾತ್ರ ಡೆ ಮೊಯ್ನ್ ಕಡೆ ಹೋದಾಗ ತರುತ್ತೇವೆ; ಅದೇ ದಾರಿಯಲ್ಲಿ ಮ್ಯಾಡ್ರಿಡ್ ಎಂಬ ಪುಟ್ಟ ಊರಿನ ಹೊರಗೆ, ಜೋಳದ ಹೊಲಗಳ ನಡುವೆ ನಿಂತಿರುವ ಹಿಂದೂ ದೇವಸ್ಥಾನಕ್ಕೂ ಹೋಗಿಬರುತ್ತೇವೆ. ಯುಗಾದಿಗೆ ಒಬ್ಬಟ್ಟು ಮಾಡಿ ಆಸ್ಪತ್ರೆಗೆ ಒಯ್ದರೆ, ನರ್ಸ್‌ಗಳು ಮುಂದಿನ ವಾರ ತಮ್ಮ ಅಜ್ಜಿಯ ಕಾಲದ ರೂಬಾರ್ಬ್ ಪೈ ತಂದುಕೊಡುತ್ತಾರೆ. ಪಡೆದ ಡಬ್ಬಿಯನ್ನು ಖಾಲಿಯಾಗಿ ಹಿಂದಿರುಗಿಸಬಾರದು ಎಂಬ ನಮ್ಮ ಹಾಸನದ ಮನೆಯ ನಿಯಮ ಇಲ್ಲಿಯೂ ಚಾಲ್ತಿಯಲ್ಲಿದೆ.

2020ರ ವಸಂತದಲ್ಲಿ ಕೋವಿಡ್ ಬಂದಾಗ ಊರಿನ ಸ್ವರೂಪವೇ ಊರಿಗೆ ಎದುರಾಯಿತು. ಹೆಗಲಿಗೆ ಹೆಗಲು ತಾಗುವಂತೆ ನಿಂತು ಮಾಡುವ ಕೆಲಸ, ಒಂದೇ ಕಾರಿನಲ್ಲಿ ನಾಲ್ಕೈದು ಜನರ ಪ್ರಯಾಣ, ಒಂದೇ ಮನೆಯಲ್ಲಿ ಎರಡು ಪಾಳಿಯವರು. ಮೇ 28ರಂದು ರಾಜ್ಯದ ಆರೋಗ್ಯ ಇಲಾಖೆ ಹಂದಿಮಾಂಸದ ಕಾರ್ಖಾನೆಯ 555 ಕಾರ್ಮಿಕರಿಗೆ ಸೋಂಕು ತಗುಲಿದೆ ಎಂದು ಪ್ರಕಟಿಸಿತು. ಅದಕ್ಕೂ ವಾರಗಳ ಮೊದಲೇ ನಮ್ಮ ಹಾಸಿಗೆಗಳು ತುಂಬಿದ್ದವು. ಆ ದಿನಗಳಲ್ಲಿ ಹೆಚ್ಚು ಸಂಕಟಕ್ಕೆ ಸಿಕ್ಕವರು ಮೈಕ್ರೊನೇಶಿಯಾದವರು. ತಮ್ಮ ದೇಶ ಅಮೆರಿಕದೊಡನೆ ಮಾಡಿಕೊಂಡ ಒಪ್ಪಂದದಂತೆ ಅವರು ಇಲ್ಲಿ ವೀಸಾ ಇಲ್ಲದೆ ಬಂದು ದುಡಿಯಬಹುದು, ತೆರಿಗೆ ಕಟ್ಟಬಹುದು. ಆದರೆ 1996ರ ಕಾನೂನೊಂದು ಅವರನ್ನು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಹೊರಗಿಟ್ಟಿತ್ತು. ಸಕ್ಕರೆ ಕಾಯಿಲೆ ಅವರಲ್ಲಿ ತುಂಬ ಹೆಚ್ಚು. ಇನ್ಸುಲಿನ್ ಕೊಳ್ಳಲಾಗದೆ ಬಿಟ್ಟವರು ಕೋವಿಡ್‌ಗೆ ಸಿಕ್ಕರೆ ಉಳಿಯುವುದು ಕಷ್ಟವಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಆ ತಪ್ಪನ್ನು ತಿದ್ದಿತು. ಚರ್ಚುಗಳ ಹೆಂಗಸರು ಮಾಸ್ಕ್ ಹೊಲಿದು ರಾಶಿ ಹಾಕಿದರು, ಶಾಲೆಯ ಬಸ್ಸುಗಳು ಮಕ್ಕಳ ಊಟವನ್ನು ಮನೆಮನೆಗೆ ಮುಟ್ಟಿಸಿದವು, ಪ್ರೌಢಶಾಲೆಯ ಹುಡುಗ ಹುಡುಗಿಯರು ಐದಾರು ಭಾಷೆಗಳಲ್ಲಿ ಸೂಚನೆಗಳನ್ನು ಓದಿ ತಮ್ಮ ಬಂಧುಗಳ ಫೋನಿಗೆ ಕಳುಹಿಸಿದರು. ಆ ಮಕ್ಕಳಿಲ್ಲದಿದ್ದರೆ ನಮ್ಮ ಅರ್ಧ ಮಾತು ಯಾರಿಗೂ ತಲುಪುತ್ತಿರಲಿಲ್ಲ.

ಈ ಊರಿನಲ್ಲಿ ಎಲ್ಲವೂ ಹೊಂದಿಕೊಂಡಿದೆ ಎಂದು ಬರೆದರೆ ಅದು ಸತ್ಯವಲ್ಲ. ವಲಸೆಯನ್ನು ಕಟುವಾಗಿ ವಿರೋಧಿಸುತ್ತಿದ್ದ ಸ್ಟೀವ್ ಕಿಂಗ್ ಅವರನ್ನು ಈ ಭಾಗದ ಮತದಾರರು ಹಲವು ಬಾರಿ ಸಂಸತ್ತಿಗೆ ಕಳುಹಿಸಿದ್ದರು. ಕಾರ್ಖಾನೆಯವರು ಮತ್ತು ಹೊಲದವರು ಒಂದೇ ಬೀದಿಯಲ್ಲಿ ವಾಸವಿದ್ದರೂ ಒಂದೇ ಪಂಕ್ತಿಯಲ್ಲಿ ಕೂರುವುದು ಕಡಿಮೆ. ಪೌರತ್ವ ಪಡೆದ ವಲಸಿಗರು ಹೆಚ್ಚಿದರೂ ಊರಿನ ಅಧಿಕಾರದ ಕುರ್ಚಿಗಳಲ್ಲಿ ಅವರ ಮುಖ ಕಾಣಲು ಬಹಳ ಕಾಲ ಹಿಡಿದಿದೆ. ಇಷ್ಟಾದರೂ ಒಂದು ಲೆಕ್ಕವನ್ನು ಯಾರೂ ಅಲ್ಲಗಳೆಯಲಾರರು. 2010 ಮತ್ತು 2020ರ ನಡುವೆ ಅಯೋವಾದ 99 ಕೌಂಟಿಗಳಲ್ಲಿ ಮೂರನೇ ಎರಡರಷ್ಟು ಕೌಂಟಿಗಳು ಜನರನ್ನು ಕಳೆದುಕೊಂಡವು; ಸುತ್ತಲಿನ ಎಷ್ಟೋ ಊರುಗಳಲ್ಲಿ ಶಾಲೆಗಳು ಒಂದರೊಳಗೊಂದು ವಿಲೀನವಾಗಿ ಮುಖ್ಯ ಬೀದಿ ಖಾಲಿಯಾಗಿದೆ. ಸ್ಟಾರ್ಮ್ ಲೇಕ್ ಅದೇ ಅವಧಿಯಲ್ಲಿ 10,600ರಿಂದ 11,269ಕ್ಕೆ ಬೆಳೆಯಿತು. ಇಲ್ಲಿ ಹೆರಿಗೆಯ ವಾರ್ಡು ನಡೆಯುತ್ತಿರುವುದು, ಶಾಲೆಯಲ್ಲಿ ಕೋಣೆಗಳು ಸಾಲದಿರುವುದು, ಲೇಕ್ ಅವೆನ್ಯೂದ ಅಂಗಡಿಗಳಲ್ಲಿ ದೀಪ ಉರಿಯುತ್ತಿರುವುದು ಹೊಸಬರು ಬಂದು ನೆಲೆ ನಿಂತದ್ದರಿಂದ. ಹಳಬರಲ್ಲಿ ಇದನ್ನು ಒಪ್ಪಿ ಬಾಯಿಬಿಟ್ಟು ಹೇಳುವವರ ಸಂಖ್ಯೆ ನಾನು ಬಂದಾಗಿಗಿಂತ ಈಗ ಹೆಚ್ಚಾಗಿದೆ.

ನನ್ನ ವೇವರಿನ ಮೂರು ವರ್ಷ 2021ಕ್ಕೆ ಮುಗಿದವು. ಕಾನೂನಿನ ಪ್ರಕಾರ ಅಂದೇ ಗಂಟುಮೂಟೆ ಕಟ್ಟಬಹುದಿತ್ತು. ಮಿನಿಯಾಪೊಲಿಸ್‌ನಿಂದ, ಡಾಲಸ್‌ನಿಂದ ಕರೆಗಳೂ ಬಂದವು. ಕೊರತೆಯ ಪ್ರದೇಶದಲ್ಲಿ ಒಟ್ಟು ಐದು ವರ್ಷ ಸೇವೆ ಮಾಡಿದ ವೈದ್ಯರು ರಾಷ್ಟ್ರೀಯ ಹಿತದ ಆಧಾರದ ಮೇಲೆ ತಾವೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿಕೊಳ್ಳುವ ಅವಕಾಶವಿದೆ. ಅದನ್ನು ನೋಡಿಕೊಂಡು ಇನ್ನೆರಡು ವರ್ಷಕ್ಕೆ ಒಪ್ಪಿದೆ ಎಂದು ಮನೆಯವರಿಗೆ ಹೇಳಿದ್ದು ನಿಜ. ಆದರೆ ಯಾವುದೇ ಒಂದು ದೇಶದವರಿಗೆ ಒಟ್ಟು ಕಾರ್ಡುಗಳಲ್ಲಿ ಶೇ 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸರದಿ ಬಹಳ ಉದ್ದವಿದೆ. ಕಾರ್ಡಿಗಾಗಿ ಮಾತ್ರ ಯಾರೂ ಇಲ್ಲಿ ಕಾಯಬೇಕಾಗಿಲ್ಲ, ಸರದಿ ಎಲ್ಲಿದ್ದರೂ ಅಷ್ಟೇ ಉದ್ದ. ನಾನು ಉಳಿದದ್ದಕ್ಕೆ ದೊಡ್ಡ ಕಾರಣ, ಈ ಊರಿನಲ್ಲಿ ನಾನು ಆರಂಭಿಸಿದ ಸಕ್ಕರೆ ಕಾಯಿಲೆಯ ಕ್ಲಿನಿಕ್. ಪಾಳಿ ಬದಲಾಗುವ ಹೊತ್ತಿಗೆ, ಸಂಜೆ, ದುಭಾಷಿಗಳೊಡನೆ ನಡೆಯುವ ಆ ಕ್ಲಿನಿಕ್ಕಿಗೆ ಬರುವವರ ಮೂರು ತಿಂಗಳ ಸಕ್ಕರೆಯ ಸರಾಸರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ನೋಡುವ ಸಂತೋಷ ಬೇರೆ ಕಡೆ ಸಿಗಲಾರದು.

2023ರ ಜುಲೈಯಲ್ಲಿ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ರಾಗ್‌ಬ್ರಾಯ್ ಎಂಬ ದೊಡ್ಡ ಸೈಕಲ್ ಯಾತ್ರೆ ಮೊದಲ ರಾತ್ರಿಯ ತಂಗುದಾಣವಾಗಿ ಸ್ಟಾರ್ಮ್ ಲೇಕ್ ಅನ್ನು ಆರಿಸಿಕೊಂಡಿತ್ತು. ಸಾವಿರಾರು ಸವಾರರು ಒಂದೇ ದಿನ ಬಂದಿಳಿದರು. ಮನೆಗಳವರು ಅಂಗಳವನ್ನು ಡೇರೆಗಳಿಗೆ ಬಿಟ್ಟುಕೊಟ್ಟರು, ಸ್ನಾನಕ್ಕೆ ನೀರು ಕೊಟ್ಟರು. ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಬಿಸಿಲಿಗೆ ಬಳಲಿದವರನ್ನೂ ಮಂಡಿ ತರಚಿಕೊಂಡವರನ್ನೂ ನೋಡುತ್ತಿದ್ದ ನನ್ನೊಡನೆ ಇದ್ದ ಸ್ವಯಂಸೇವಕರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ಇನ್ನೊಬ್ಬರು ನಮ್ಮ ಬೀದಿಯ ಮೆಕ್ಕೆಜೋಳದ ರೈತ, ಮೂರನೆಯವನು ಕಾರ್ಖಾನೆಯ ರಾತ್ರಿ ಪಾಳಿಯನ್ನು ಮುಗಿಸಿ ನಿದ್ದೆ ಬಿಟ್ಟು ಬಂದ ಹುಡುಗ. ಆ ಬೇಸಿಗೆಗೆ ನನ್ನ ಐದು ವರ್ಷವೂ ಪೂರ್ಣವಾಯಿತು. ಕರಾರನ್ನು ಮತ್ತೆ ನವೀಕರಿಸಿದ್ದೇವೆ, ಕೆರೆಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ ಮನೆ ಕೊಂಡಿದ್ದೇವೆ. ವಾಷಿಂಗ್ಟನ್ ಕಡೆಯ ಅರ್ಜಿ ಅದರ ಪಾಡಿಗೆ ಸರದಿಯಲ್ಲಿದೆ. ಈಚೆಗೆ ಆಸ್ಪತ್ರೆಯವರು ಇನ್ನೊಬ್ಬ ಯುವ ವೈದ್ಯರನ್ನು ಸಂದರ್ಶನಕ್ಕೆ ಕರೆಸಿದಾಗ ಊರು ತೋರಿಸುವ ಕೆಲಸವನ್ನು ನನಗೂ ನನ್ನ ಪತಿಗೂ ವಹಿಸಿದರು; ಶಾಲೆ ಹೇಗಿದೆ ಎಂದು ಅವರ ಪತ್ನಿ ಕೇಳಿದ್ದಕ್ಕೆ, ನಮ್ಮ ಮಗಳ ತರಗತಿಯ ಶಿಕ್ಷಕಿಯ ಬಳಿಗೇ ಅವರನ್ನು ಕರೆದುಕೊಂಡು ಹೋದೆವು.